ಬ್ರಹ್ಮಾಂಡದ ಪುಸ್ತಕಕ್ಕ ಬ್ಯಾಡಗಿ ಖಾರ

ಬ್ಯಾಡಗಿ ಮಾರ್ಕೆಟ್ಟಿನ್ಯಾಗ ನಲವತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತಾಂವ ನಾನು. ಒಮ್ಮೆಗೇ ಮೂರು ಚೀಲ, ಅದರ ಮ್ಯಾಲೆ ಒಬ್ಬ ದಲಾಲಿನ್ನೂ ಕುಂದ್ರಿಸಿಕೊಂಡು! ಓದು ಮಾತ್ರ ಬರೂದಿಲ್ಲ. ಆದರೂ ಮೊಮ್ಮಗಳು ಬಿ.ಎಸ್ಸಿ. ಸೆಮಿನಾರಿಗೆ ಬ್ರಹ್ಮಾಂಡದ ಪುಸ್ತಕ ಹುಡುಕಾಕ ಹಾವೇರಿ ಗ್ರಂಥಾಲಯಕ್ಕ ಹೊಂಟಾಗ, ಕೆಲಸದಿಂದ ನೆಟ್ಟಗ ಅಕಿ ಜೋಡಿ ಹೋದೆ.

ಪುಸ್ತಕ ಸಿಕ್ತು, ಇದ್ದದ್ದು ಒಂದೇ ಪ್ರತಿ. "ಇಲ್ಲೇ ಕುಂತು ಓದ್ರಿ, ಮನಿಗೆ ಕೊಡೂದಿಲ್ಲ" ಅಂದ್ರು ಗ್ರಂಥಪಾಲಕರು. ಬಾಗಿಲು ಹಾಕಾಕ ಅರ್ಧ ತಾಸು ಉಳಿದಿತ್ತು, ಸೆಮಿನಾರು ಮರುದಿನಾನ. ಹುಡುಗಿ ಕಣ್ಣಾಗ ನೀರು ಬಂತು. ಒರಸೂಣಂತ, ಮುಂಜಾನಿಂದ ಮೆಣಸಿನಕಾಯಿ ಚೀಲದ ಕೆಳಗಿದ್ದ ಹೆಗಲಿನ ಟವೆಲ್ ತಗದು ಝಾಡಿಸಿದೆ.

"ಅಜ್ಜಾ, ಬ್ಯಾಡೋ!" ಅಂತ ಅಕಿ ಚೀರೂದ್ರಾಗ ಗ್ರಂಥಪಾಲಕರು ಸೀನಿದ್ರು. ಪೇಪರ್ ಓದಾವರೆಲ್ಲಾ ಸೀನಿದ್ರು. ಕಿಟಕಿ ಹೊರಗಿನ ಎಮ್ಮಿ ಸೈತ ಸೀನಿತು, ಖರೇನ ಹೇಳ್ತೇನಿ.

"ಯಜಮಾನ್ರ, ಹೊರಗ ನಡ್ರಿ!"

"ಅಕಿ ಓದಿ ಮುಗಿಸೂಮಟಾ ಇಲ್ಲೇ ಕುಂದ್ರತೇನ್ರೀ" ಅಂದೆ, ಟವೆಲ್ ಇನ್ನೊಮ್ಮೆ ಎತ್ತಿ.

ಗ್ರಂಥಪಾಲಕರು ಮೂಗು ಹಿಡಕೊಂಡು ಪುಸ್ತಕಾನ ತಮ್ಮ ಹೆಸರಿನ್ಯಾಗ ಬರಕೊಂಡು ಕೊಟ್ರು. "ನಾಡಿದ್ದು ತಂದು ಕೊಡವಾ, ತಂಗಿ. ಅಜ್ಜನ್ನ ಮಾತ್ರ ಕರಕೊಂಡು ಬರಬ್ಯಾಡ."

ಬ್ರಹ್ಮಾಂಡ ಇನ್ನೂ ಹಿಗ್ಗಾಕತ್ತೇತಿ ಅಂತ ಮೊಮ್ಮಗಳು ಸೆಮಿನಾರಿನ್ಯಾಗ ಹೇಳಿದ್ಲಂತ. ಇರಬಹುದು. ಆ ಪುಸ್ತಕ ತಗದವರು ಇವತ್ತಿಗೂ ಮೊದಲು ಒಂದು ಸಲ ಸೀನತಾರಂತ, ಅದು ನನ್ನ ಸಂಶೋಧನಿ.