ಸಿಂಪಿಗೆ ವೈನು, ರೊಟ್ಟಿಗೆ ಮಜ್ಜಿಗೆ

ಹುಬ್ಬಳ್ಳಿಯಲ್ಲಿ ರೈಲಿನಿಂದಿಳಿದು ನರಗುಂದದ ಬಸ್ಸು ಹಿಡಿದಾಗ ಬಿಸಿಲು ಏರಿತ್ತು. ಮುಂಬಯಿಯ ದೊಡ್ಡ ಹೋಟೆಲೊಂದರಲ್ಲಿ ನಾನು ಸಾಹೇಬರಿಗೆ ವೈನು ಬಡಿಸುವವನು. ದಾರೂಬಂದಿ ಬಂದ ಮೇಲೆ ಪರವಾನಗಿ ಇದ್ದ ವಿದೇಶಿಯರಿಗಷ್ಟೇ ಶೀಶೆ ತೆರೆಯಬೇಕು. ಉಳಿದಂತೆ ಗ್ಲಾಸು ಒರೆಸುತ್ತ ನಿಲ್ಲುವುದೇ ಕೆಲಸ. ಮಾತಾಡೋಣವೆಂದರೆ ನಮ್ಮ ಭಾಷೆಯವರು ಒಬ್ಬರೂ ಇಲ್ಲ. ಗಜೇಂದ್ರಗಡದ ಅಕ್ಕ ‘ಇಲ್ಲೇ ಇರು’ ಎಂದರೆ ಸಾಕು, ಮುಂಬಯಿಗೆ ಕೊನೆಯ ಶರಣು ಹೇಳಿ ಭಾವನ ಕಿರಾಣಿ ಅಂಗಡಿಯಲ್ಲಿ ಕೂತುಬಿಡೋಣ ಎಂದುಕೊಂಡು ಹೊರಟಿದ್ದೆ. ಅವರ ತಿಳಿವಳಿಕೆಯಲ್ಲಿ ನಾನು ಹೋಟೆಲಿನ ಕಾರಕೂನ. ನಾನೂ ತಿದ್ದುವ ಗೋಜಿಗೆ ಹೋಗಿರಲಿಲ್ಲ.

ನರಗುಂದದಲ್ಲಿ ಗುಡ್ಡದ ಕೆಳಗೆ ಬಸ್ಸು ಬದಲಿಸಬೇಕಿತ್ತು. ಬಿಸಿ ಮಿರ್ಚಿ ಭಜಿ ತಿಂದೆ. ಅದರ ಮೇಲೆ ಚಹಾ ಕೊಟ್ಟರು. ಎಣ್ಣೆಯ ತಿನಿಸಿಗೆ ಹುಳಿಯಾದದ್ದು, ತಣ್ಣಗಿನದು ಬೇಕಲ್ಲವೇ ಎಂದು ಮನಸ್ಸು ತಕರಾರು ತೆಗೆಯಿತು. ನನ್ನ ಚಟವೇ ಹಾಗೆ. ತಿನ್ನುವುದು ಕಂಡರೆ ಅದಕ್ಕೆ ಕುಡಿಯುವುದನ್ನು ಹುಡುಕುತ್ತೇನೆ.

ಮುಂದೆ ರೋಣಕ್ಕೆ ಹನ್ನೆರಡಾಣೆ. ಎರಡೂ ಕಡೆ ಎರೆಹೊಲ, ಒಡೆದ ಹತ್ತಿ, ಕಿಟಕಿಯ ತುಂಬ ಧೂಳು. ಪಕ್ಕದಲ್ಲಿ ಕೂತವರು ಗಜೇಂದ್ರಗಡದ ಅರಳೆ ದಲಾಲರು. ಚಂಚಿ ಬಿಚ್ಚಿ ನನಗೂ ಎಲೆ ಅಡಿಕೆ ಕೊಟ್ಟು ಕೇಳಿದರು:

“ಮುಂಬೈದಾಗ ಏನ್ ಮಾಡ್ತೀರಿ?”

ಎಷ್ಟೋ ದಿನಗಳ ಮೇಲೆ ನಮ್ಮ ಮಾತು ಕಿವಿಗೆ ಬಿದ್ದು ನನ್ನ ನಾಲಿಗೆ ಸಡಿಲವಾಯಿತು.

“ದೊಡ್ಡ ದೊಡ್ಡ ಸಾಹೇಬ್ರು ಸಿಂಪಿ ತಿಂತಾರ್ರಿ. ಅದಕ್ಕ ಯಾವ ವೈನ್ ಹೊಂದ್ತದ ಅಂತ ಹೇಳೂದು ನನ್ನ ಕೆಲಸ.”

“ಸುಣ್ಣಾ ಸುಡ್ತಾರಲ್ಲ, ಆ ಸಿಂಪಿ?”

“ಅದರೊಳಗಿನ ಹುಳಾರಿ. ಹಸೀದ. ಬರ್ಫದ ಮ್ಯಾಲಿಟ್ಟು, ಲಿಂಬಿಹಣ್ಣು ಹಿಂಡಿ.”

“ಶಿವ ಶಿವಾ!”

ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಸಿಂಪಿಯಲ್ಲಿ ಸಮುದ್ರದ ಉಪ್ಪಿರುತ್ತದೆ, ಅದಕ್ಕೇ ಬಿಳಿ ವೈನು ಬೇಕು. ತಣ್ಣಗಿರಬೇಕು, ಹುಳಿ ಇರಬೇಕು, ಸಿಹಿ ಕೂಡದು. ಕೆಂಪು ವೈನು ಕೊಟ್ಟರೆ ಕಬ್ಬಿಣ ನೆಕ್ಕಿದ ಹಾಗಾಗುತ್ತದೆ. ಸಿಂಪಿ ಸಣ್ಣದಿದ್ದರೆ ತೆಳುವಾದದ್ದು, ಕೊಬ್ಬಿದ್ದರೆ ಕೊಂಚ ದಪ್ಪನೆಯದು ಎಂದು ವಿವರಿಸಿದೆ. ನಡುವೆ ಭಾವನ ಹೆಸರು, ಅಂಗಡಿಯ ಸುದ್ದಿಯನ್ನೂ ಹೇಳಿಬಿಟ್ಟೆ. ಕೇಳುವವರು ಸಿಕ್ಕ ಸಂತೋಷ ಅದು.

“ಭಾಳ ಕುಡದೀರಿ ಅಂದಂಗಾತು,” ಎಂದರು ದಲಾಲರು.

“ಒಂದ್ ಹನಿ ಇಲ್ರಿ. ಕೊರಳಾಗ ಲಿಂಗ ಐತಿ. ಕುಡದವರ ಮಾರಿ ನೋಡಿ ಕಲ್ತೀನಿ.”

ಅವರು ಹೂಂ ಎಂದರು. ರೋಣದಲ್ಲಿ ಬಸ್ಸು ಬದಲಿಸಿದಾಗ ಬೇರೆ ಸೀಟು ಹಿಡಿದರು. ಚಂಚಿ ಬಿಚ್ಚಿದರೂ ನನ್ನ ಕಡೆ ಎಲೆ ಬರಲಿಲ್ಲ.

ಗಜೇಂದ್ರಗಡದಲ್ಲಿಳಿದು ಅಕ್ಕನಿಗೆಂದು ಬಳೆ ಕೊಳ್ಳುತ್ತ ಪೇಟೆಯಲ್ಲಿ ತಡಮಾಡಿದೆ. ದಲಾಲರು ನೆಟ್ಟಗೆ ಭಾವನ ಅಂಗಡಿಗೆ ಹೋಗಿದ್ದರು. ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು.

ಭಾವ ‘ಬಾ’ ಎಂದರು, ಅಷ್ಟೇ. ಒಳಗೆ ಎಲ್ಲರಿಗೂ ತಾಟು ಹಾಕಿದರು. ನನಗೆ ಪಡಸಾಲೆಯಲ್ಲಿ ಪತ್ರಾವಳಿ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಆಮೇಲೆ ಅಕ್ಕ ಚೀನಿಮಣ್ಣಿನ ಕಪ್ಪಿನಲ್ಲಿ ಮಜ್ಜಿಗೆ ತಂದಿಟ್ಟಳು. ನಮ್ಮ ಕಡೆ ಆ ಕಪ್ಪು ಹೊರಗಿನ ಗೂಡಿನಲ್ಲಿರುತ್ತದೆ. ಬಾಯಿ ತಾಗಿದ ಪಾತ್ರೆಯನ್ನು ಒಳಗೆ ಒಯ್ಯಬಾರದಂಥವರಿಗೆ ಮೀಸಲು. ಯಾರಿಗೆ ಯಾವ ಗ್ಲಾಸು ಎಂದು ಆರಿಸಿಯೇ ಅನ್ನ ತಿಂದವನು ನಾನು. ಬಿಡಿಸಿ ಹೇಳಬೇಕಾಗಿರಲಿಲ್ಲ. ಮಜ್ಜಿಗೆ ತಣ್ಣಗೆ, ತುಸು ಹುಳಿಯಾಗಿ, ಆ ರೊಟ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಒಂದೇ ಗುಟುಕು ಕುಡಿದು ಕಪ್ಪನ್ನು ಪಕ್ಕಕ್ಕೆ ಸರಿಸಿದೆ.

“ಮಗಳು ಲಗ್ನಕ್ಕ ಬಂದಾಳ, ಈರಣ್ಣಾ. ಮಂದಿ ಬಾಯಿ ನಾ ಹ್ಯಾಂಗ ಕಟ್ಟಲಿ?” ಎಂದರು ಭಾವ.

“ಖರೇನ ಮುಟ್ಟಿಲ್ಲ ಭಾವಾ.”

“ನಾ ನಂಬ್ತೀನಿ. ನಾ ಒಬ್ಬಾಂವ ನಂಬಿದ್ರ ಆತೇನು?”

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ‘ಇರು’ ಎಂಬ ಮಾತು ಬರಲಿಲ್ಲ. ಅವಳಿಗೆಂದು ತಂದ ಬಳೆಗಳನ್ನು ಹೊಸ್ತಿಲ ಮೇಲಿಟ್ಟು ಎದ್ದೆ.

ಮುಂಜಾನೆ ಬಸ್ಸಿನಲ್ಲಿ ಕೂತಿದ್ದೆ. ಅಕ್ಕ ಸೆರಗಿನ ಮರೆಯಲ್ಲಿ ಏನನ್ನೋ ಹಿಡಿದು ದಾಪುಗಾಲು ಹಾಕುತ್ತ ಬಂದಳು. ಅವ್ವನ ಕಂಚಿನ ತಂಬಿಗೆ, ತುಂಬ ಮಜ್ಜಿಗೆ. ಚಿಕ್ಕವರಿದ್ದಾಗ ಇಬ್ಬರೂ ಅದಕ್ಕಾಗಿ ಜಗಳಾಡುತ್ತಿದ್ದೆವು. ಅವಳಿಗೆ ತೊಂದರೆ ಬೇಡವೆಂದು ಕತ್ತು ಮೇಲೆ ಮಾಡಿ, ತುಟಿ ತಾಗಿಸದೆ ಎತ್ತಿ ಹೊಯ್ದುಕೊಳ್ಳಹೋದೆ.

“ಎತ್ತಿ ಕುಡೀಬ್ಯಾಡ ತಮ್ಮಾ. ಬಾಯಿ ಹಚ್ಚಿ ಕುಡಿ.”

ಬಾಯಿ ಹಚ್ಚಿ ಕುಡಿದೆ. ಅಷ್ಟು ಸುಖ ನನಗೆ ವರ್ಷಗಟ್ಟಲೆ ಆಗಿರಲಿಲ್ಲ. ಬಸ್ಸು ಗುರುಗುಟ್ಟಿತು. ತಂಬಿಗೆಯನ್ನು ಕಿಟಕಿಯಿಂದ ಹೊರಗೆ ಚಾಚಿದೆ. ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

“ನಿನ್ನ ಕಡೇನ ಇರ್ಲಿ,” ಎಂದಳು. ಅವಳ ಕಣ್ಣು ತುಂಬಿತ್ತು.

ನನ್ನ ಬಾಯಿ ತಾಗಿದ ತಂಬಿಗೆ ಇನ್ನು ಆ ಮನೆಗೆ ಹೋಗುವಂತಿರಲಿಲ್ಲ. ಅದನ್ನು ತಿಳಿದೇ ಅವಳು ತಂದಿದ್ದಳು. ಹಿಂದಿರುಗಿ ನೋಡಿದಾಗ ಬರಿಗೈಯಲ್ಲಿ ಅಲ್ಲೇ ನಿಂತಿದ್ದಳು. ಸೂಡಿ ದಾಟಿದರೂ ತಂಬಿಗೆಯನ್ನು ತೊಡೆಯ ಮೇಲೆ ಹಿಡಿದೇ ಕೂತಿದ್ದೆ. ತಳದಲ್ಲಿ ಒಂದು ಗುಟುಕು ಮಜ್ಜಿಗೆ ಉಳಿದಿತ್ತು. ಕುಡಿಯಲು ಮನಸ್ಸಾಗಲಿಲ್ಲ.