ಎರಡು ರಿಂಗಿನ ಗುಡುಗು

ಕಳೆದ ವಾರ ಸಿಡಿಲಿಗೆ ನಮ್ಮ ಮನೆಯ ವೈಫೈ ಡಬ್ಬಿ ಸುಟ್ಟುಹೋಯಿತು. ಕರಕಲು ಪ್ಲಾಸ್ಟಿಕ್ಕಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಟ್ಟಿಗೆಹಾರದ ಎಸ್‌ಟಿಡಿ ಬೂತಿನ ಅಕ್ಕ ನೆನಪಾದರು. ಅವರ ಫೋನು ಒಮ್ಮೆ ಹೀಗೇ ಸುಟ್ಟು, ಬೂತೆಲ್ಲ ಬಹಳ ದಿನ ಇದೇ ವಾಸನೆ ಹೊಡೆಯುತ್ತಿತ್ತು. ಅಕ್ಕನ ಜೊತೆಗೇ ಹಳೆಯ ಅನುಮಾನವೂ ಎದ್ದು ಕೂತಿತು.

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಮಗೆ ಹವಾಮಾನ ವರದಿ ಅಂದರೆ ಆ ಅಕ್ಕನೇ. ಏಪ್ರಿಲ್ ಮಧ್ಯಾಹ್ನಗಳಲ್ಲಿ ಬೂತಿನ ಫೋನು ಎರಡು ಸಲ ರಿಂಗಾಗಿ ನಿಂತುಬಿಡುತ್ತಿತ್ತು. ಅವರು ಎತ್ತುತ್ತಿರಲಿಲ್ಲ. "ಗುಡುಗು ಬರ್ತದೆ, ಗಾಳಿನೂ ಜೋರಿದೆ" ಎಂದು ತಂತಿ ಕಿತ್ತಿಡುತ್ತಿದ್ದರು. ಅದನ್ನು ಕಂಡವರು ಎದುರಿನ ಕಣದಲ್ಲಿ ಒಣಗಲು ಹಾಕಿದ ಮೆಣಸಿಗೆ ಟಾರ್ಪಾಲು ಹೊದಿಸುತ್ತಿದ್ದರು. ಜೀಪಿನವರು ಘಾಟಿ ಇಳಿಯಲು ಹಿಂದೆಮುಂದೆ ನೋಡುತ್ತಿದ್ದರು. ಹೆಚ್ಚಿನ ಸಲ ಮಳೆ ಬಂದೇ ಬರುತ್ತಿತ್ತು.

ನನಗೆ ಮಾತ್ರ ಆ ಎರಡು ರಿಂಗಿನ ಮೇಲೆ ನಂಬಿಕೆಯಿರಲಿಲ್ಲ. ನಾನು ಅಪ್ಪನ ಮಾತು ಮೀರಿ ಮದುವೆಯಾದವಳು. ತವರಿಗೆ ನಾನು ಫೋನು ಮಾಡುವುದು ಅತ್ತೆಗೆ ಅಷ್ಟಕ್ಕಷ್ಟೇ. ಬೂತಿನ ಅಕ್ಕನೋ, ಅತ್ತೆಯ ತವರೂರಿನವರು. ಇಬ್ಬರೂ ಗುಸುಗುಸು ಮಾತಾಡುತ್ತಿದ್ದವರು ನಾನು ಹತ್ತಿರ ಹೋದೊಡನೆ ಮೆಣಸಿನ ರೇಟಿಗೆ ಹಾರುತ್ತಿದ್ದರು... ನನ್ನ ಫೋನು ತಪ್ಪಿಸಲೆಂದೇ ಇಬ್ಬರೂ ಸೇರಿ ರಿಂಗಿನ ನೆಪ ಹೂಡುತ್ತಾರೆ ಎನ್ನಲು ಇಷ್ಟು ಸಾಲದೆ?

ಎರಡು ವರ್ಷ ಮುನಿಸಿಕೊಂಡಿದ್ದ ಅಪ್ಪ ಕೊನೆಗೂ ಮಾತಾಡಲು ಒಪ್ಪಿದರು. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯ ಫೋನಿನ ಹತ್ತಿರ ಕಾಯುತ್ತಾರೆಂದು ತಂಗಿ ಹೇಳಿಕಳಿಸಿದ್ದಳು. ನಾನು ಬೂತಿಗೆ ಓಡಿ ಬಂದಾಗ ತಂತಿ ಆಗಲೇ ಕಿತ್ತಾಗಿತ್ತು. ಆಕಾಶ ತೊಳೆದಿಟ್ಟ ಹಾಗಿತ್ತು.

"ಅಕ್ಕಾ, ಎರಡೇ ನಿಮಿಷ. ಅಪ್ಪ ಕಾಯ್ತಿದಾರೆ."

"ಈಗಷ್ಟೇ ರಿಂಗ್ ಬಂತು ಮಾರಾಯ್ತಿ. ಮಾತಾಡ್ವಾಗ ಸಿಡಿಲು ಹೊಡೆದ್ರೆ ನಿನ್ನಪ್ಪಂಗೆ ನಾನೇನು ಹೇಳ್ಲಿ? ನಾಳೆ ಬಾ."

ಇನ್ನೊಂದು ಬೂತಿಗೆ ಭಾನುವಾರ ಬೀಗ. ಸಂಜೆಯ ತನಕ ಅಲ್ಲೇ ಕೂತೆ. ಒಂದು ಹನಿ ಬೀಳಲಿಲ್ಲ, ಒಂದೆಲೆ ಅಲ್ಲಾಡಲಿಲ್ಲ. ಅಪ್ಪ ಕತ್ತಲಾಗುವವರೆಗೆ ಕಾದು ಎದ್ದು ಹೋದರಂತೆ. ಮತ್ತೆ ಫೋನಿಗೆ ಬರಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು. ನಾನು ಆ ಬೂತಿನ ಮೆಟ್ಟಿಲು ಮತ್ತೆಂದೂ ಹತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಕ್ಕ ಹೋದಾಗ, ಜನ ಏನೆಂದುಕೊಳ್ಳುತ್ತಾರೋ ಎಂದು ತಿಥಿಗೆ ಹೋದೆ. ಅಲ್ಲಿ ಅವರ ತಂಗಿ ಸಿಕ್ಕರು. ಬೇಲೂರಿನಲ್ಲಿ ಅವರದ್ದೂ ಒಂದು ಬೂತಿತ್ತಂತೆ. ಗುಡುಗು ಅವರ ಊರು ದಾಟಿ ನಮ್ಮ ಕಡೆ ಹೊರಟರೆ ಎರಡು ರಿಂಗ್ ಕೊಟ್ಟು ಇಡುತ್ತಿದ್ದರಂತೆ. ಕೆಲವು ಸಲ ಮೋಡ ನಡುದಾರಿಯಲ್ಲೇ ಸಕಲೇಶಪುರದ ಕಡೆ ತಿರುಗುತ್ತಿತ್ತಂತೆ. ಆ ಭಾನುವಾರದ ಬಗ್ಗೆ ಕೇಳಿದೆ.

"ಎಷ್ಟೋ ಭಾನುವಾರ ರಿಂಗ್ ಕೊಟ್ಟಿದೀನಿ. ಅದೊಂದನ್ನ ಹೇಗೆ ನೆನಪಿಟ್ಕೊಳ್ಳಲಿ, ಮಾರಾಯ್ತಿ?"

ಈಗ ಗುಡುಗು, ಬಿರುಗಾಳಿಯ ಎಚ್ಚರಿಕೆ ಮೊಬೈಲಿಗೇ ಬರುತ್ತದೆ. ಸುಳ್ಳಾದರೆ ಯಾರೂ ಯಾರನ್ನೂ ಅನುಮಾನಿಸುವುದಿಲ್ಲ. ಅಪ್ಪನಿಲ್ಲ, ಅಕ್ಕನೂ ಇಲ್ಲ. ಅತ್ತೆ ಇದ್ದಾರೆ. ವಯಸ್ಸಾದರೂ ನೆನಪು ಚುರುಕಾಗಿದೆ, ಕೇಳಿದರೆ ಹೇಳಿಯಾರು... ಕೇಳಿಲ್ಲ. ಅಂದು ನಿಜವಾಗಿಯೂ ರಿಂಗ್ ಬಂದಿದ್ದರೆ, ಇಷ್ಟು ವರ್ಷದ ಈ ಸಿಟ್ಟನ್ನು ನಾನು ಯಾರ ಮೇಲೆ ಇಟ್ಟುಕೊಳ್ಳಲಿ?