ಕೆಂಡಮೂಗನ ಮಾತು ಕೇಳಿ ಎಂದವಳು

ಮೂರನೆಯ ಭಾಗದ ದರ್ಬಾರಿನ ಅಧ್ಯಾಯ ನನ್ನದಲ್ಲ. ಹದಿಮೂರು ವರ್ಷದ ಒಬ್ಬ ಹುಡುಗಿ ಅದನ್ನು ಕಾಗದದಲ್ಲಿ ಬರೆದು ಕಳಿಸಿದ್ದಳು, ನಾನು ತೆಗೆದುಕೊಂಡೆ. ಇಷ್ಟೇ ಆಗಿದ್ದರೆ ಒಂದು ಸಾಲಿನ ಕೃತಜ್ಞತೆಯಲ್ಲಿ ಮುಗಿಸಬಹುದಿತ್ತು. ಆದರೆ ‘ಇದು ನಾನು ಹೇಳಿಕೊಟ್ಟದ್ದು’ ಎಂದು ಅವಳು ಹೇಳಿದಾಗ, ಇಡೀ ತರಗತಿಯ ಮುಂದೆ ಅವಳನ್ನು ನಿಲ್ಲಿಸಿ, ನೀನು ಸುಳ್ಳು ಹೇಳುತ್ತಿದ್ದೀಯ ಎಂದು ತೀರ್ಪು ಕೊಟ್ಟವನು — ಅದೂ ನಾನೇ.

ಐದು ಭಾಗಗಳನ್ನೂ ಸೇರಿಸಿ ಒಂದೇ ಪುಸ್ತಕ ಮಾಡುತ್ತೇವೆ, ಈ ಸಲವಾದರೂ ನಿಮ್ಮ ನಿಜವಾದ ಹೆಸರು ಹಾಕೋಣ, ಮುನ್ನುಡಿಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದರು. ಒಳ್ಳೆಯ ಮಾತನ್ನು ಎಲ್ಲಿಂದ ತರಲಿ? ಇದ್ದದ್ದನ್ನು ಬರೆಯುತ್ತೇನೆ. ಓದುವ ಮಕ್ಕಳಿಗೆ ಬೇಸರವಾದರೆ ಈ ಪುಟಗಳನ್ನು ಹಾರಿಸಿ ನೇರ ಮಿಂಚಾದ್ರಿಗೆ ಹೋಗಬಹುದು. ಅಲ್ಲಿ ಡ್ರ್ಯಾಗನ್‌ಗಳಾದರೂ ಇವೆ.

‘ಮಿಂಚಾದ್ರಿಯ ಡ್ರ್ಯಾಗನ್‌ಗಳು’ ಬರೆದ ‘ಮಿಣುಕುಹುಳ’ ಯಾರೆಂದು ಇಷ್ಟು ವರ್ಷ ಗೊತ್ತಿದ್ದದ್ದು ಮೂರೇ ಜನಕ್ಕೆ — ನನಗೆ, ನನ್ನ ಹೆಂಡತಿಗೆ, ಪ್ರಕಾಶಕರಿಗೆ. ನಾನು ನೆಮ್ಮಾರಿನವನು, ಪೌರೋಹಿತ್ಯದ ಮನೆಯವನು. ನರಸಿಂಹರಾಜಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಿವೃತ್ತನಾಗುವವರೆಗೂ ಸಂಸ್ಕೃತ ಪಾಠ ಮಾಡಿದೆ. ರಜೆಗೆ ಊರಿಗೆ ಬಂದರೆ ಸತ್ಯನಾರಾಯಣ ಕಥೆ, ಶ್ರಾದ್ಧ, ಉಪನಯನ. ಇಂಥವನು ಬೆಂಕಿ ಉಗುಳುವ ಪ್ರಾಣಿಗಳ ಕಥೆ ಬರೆಯುತ್ತಾನೆಂದು ತಿಳಿದರೆ ಶೃಂಗೇರಿಯ ವಿದ್ವಾಂಸರು ಏನೆಂದುಕೊಂಡಾರು ಎಂಬ ಅಳುಕು. ಹೆಂಡತಿ ನಗುತ್ತಿದ್ದಳು. ‘ಗರುಡ ಹಾರಿರೆ ಅಡ್ಡಿಲ್ಲೆ, ನಿಮ್ಮ ಡ್ರ್ಯಾಗನ್ ಹಾರಿರೆ ಮರ್ಯಾದೆ ಹೋಗ್ತಾ? ಎಂತ ನ್ಯಾಯ ಮಾರಾಯ್ರೆ ಇದು’ ಎನ್ನುತ್ತಿದ್ದಳು. ಆದರೂ ಅಳುಕು ಹೋಗಲಿಲ್ಲ.

ಕಥೆ ಓದದವರಿಗಾಗಿ ಇಷ್ಟು ಹೇಳಬೇಕು. ಇಂಚರ ಎಂಬ ಹುಡುಗಿ ಒಂಬತ್ತನೆಯ ವಯಸ್ಸಿಗೇ ಮಿಂಚಾದ್ರಿಯ ರಾಣಿಯಾಗುತ್ತಾಳೆ. ಮನುಷ್ಯರ ಜೊತೆಗೆ ಬೆಟ್ಟದ ಡ್ರ್ಯಾಗನ್‌ಗಳೂ ಅವಳ ಪ್ರಜೆಗಳು. ಮೊದಲ ಭಾಗದಲ್ಲಿ ಕಾಲು ಅಪ್ಪಳಿಸಿ ಆಜ್ಞೆ ಮಾಡುವ ಈ ಪುಟ್ಟ ರಾಣಿ ಐದನೆಯ ಭಾಗದ ಹೊತ್ತಿಗೆ ದೊಡ್ಡವಳಾಗಬೇಕು — ವಯಸ್ಸಿನಲ್ಲಷ್ಟೇ ಅಲ್ಲ. ಎರಡನೆಯ ಭಾಗದ ಕೊನೆಯಲ್ಲಿ ಕೆಂಡಮೂಗ ಎಂಬ ಡ್ರ್ಯಾಗನ್ ಊರಿನ ಕಣಜಕ್ಕೆ ಬೆಂಕಿ ಇಟ್ಟು ಓಡಿಹೋಗುತ್ತದೆ. ಮುಂದಿನ ಭಾಗದಲ್ಲಿ ರಾಣಿ ಸೈನ್ಯ ಕಳಿಸಿ ಅದನ್ನು ಕೊಲ್ಲಿಸುತ್ತಾಳೆ ಎಂದು ನಾನು ಬರೆಯತೊಡಗಿದ್ದೆ.

ಅಷ್ಟರಲ್ಲಿ ಪ್ರಕಾಶಕರು ಓದುಗರ ಕಾಗದಗಳ ಒಂದು ಕಟ್ಟು ಕಳಿಸಿದರು. ಅದರಲ್ಲೊಂದು ಇನ್‌ಲ್ಯಾಂಡ್ ಲೆಟರ್. ಕೆಳಗೆ ಸಹಿ: ರಂಜಿತಾ, ಎಂಟನೆಯ ತರಗತಿ, ಮುತ್ತಿನಕೊಪ್ಪ. ನನ್ನದೇ ವಿದ್ಯಾರ್ಥಿನಿ. ಬೆಳಗಿನ ಬಸ್ಸಿಗೆ ಬಂದು ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದ, ಕೂಲಿಗೆ ಹೋಗುವ ತಾಯಿಯ ಒಬ್ಬಳೇ ಮಗಳು. ಕಾಗದದಲ್ಲಿ ಹೀಗಿತ್ತು:

‘ಕೆಂಡಮೂಗನನ್ನು ಕೊಲ್ಲಬೇಡಿ. ಅದು ಯಾಕೆ ಬೆಂಕಿ ಹಚ್ಚಿತು ಎಂದು ಯಾರೂ ಕೇಳಿಲ್ಲ. ಅದರ ಮೊಟ್ಟೆಯನ್ನು ಯಾರೋ ಕದ್ದು ಕಣಜದಲ್ಲಿ ಬಚ್ಚಿಟ್ಟಿರಬಹುದು. ಡ್ರ್ಯಾಗನ್ ಮೊಟ್ಟೆ ಬೆಂಕಿಯಲ್ಲಿ ಸುಡುವುದಿಲ್ಲವಲ್ಲ, ಅದಕ್ಕೇ ಬೆಂಕಿ ಹಚ್ಚಿ ಹುಡುಕಿದೆ. ರಾಣಿ ದರ್ಬಾರು ಮಾಡಿ, ಸಿಂಹಾಸನದಿಂದ ಕೆಳಗೆ ಇಳಿದು ಬಂದು, ಅದು ಹೇಳುವುದನ್ನು ಪೂರ್ತಿ ಕೇಳಲಿ. ನಮ್ಮ ಶಾಲೆಯಲ್ಲಿ ಶನಿವಾರ ಒಬ್ಬರು ಸಾರ್ ನ್ಯಾಯ ಮಾಡುತ್ತಾರೆ. ದೂರು ಕೊಟ್ಟವರ ಮಾತು ಮಾತ್ರ ಕೇಳುತ್ತಾರೆ. ನಿಮ್ಮ ರಾಣಿ ಹಾಗೆ ಆಗುವುದು ಬೇಡ.’

ಆ ಸಾರ್ ನಾನು. ಸೀಮೆಸುಣ್ಣದ ಖಾಲಿ ಪೆಟ್ಟಿಗೆಗೆ ಒಂದು ಕಿಂಡಿ ಕೊರೆದು ತರಗತಿಯಲ್ಲಿ ಇಟ್ಟಿದ್ದೆ. ವಾರವಿಡೀ ಮಕ್ಕಳು ಅದರಲ್ಲಿ ದೂರಿನ ಚೀಟಿ ಹಾಕುತ್ತಿದ್ದರು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಒಂದೊಂದನ್ನೇ ಓದಿ ತೀರ್ಮಾನ ಹೇಳುತ್ತಿದ್ದೆ. ಸಂಸ್ಕೃತ ಮೇಷ್ಟ್ರ ನ್ಯಾಯ ಎಂದರೆ ನ್ಯಾಯ ಎಂದು ಉಳಿದ ಮೇಷ್ಟ್ರುಗಳೂ ಹೇಳುತ್ತಿದ್ದರು. ಮೊದಲೆರಡು ಭಾಗಗಳಲ್ಲಿ ಇಂಚರಳ ದರ್ಬಾರು ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದೂ ನನ್ನದೇ ಆ ಶನಿವಾರ. ಕಾಗದ ಓದಿ ಮೊದಲು ನಕ್ಕೆ. ಆಮೇಲೆ — ಚುಚ್ಚಿತು. ಚುಚ್ಚಿತು ಎಂದು ಆಗ ಒಪ್ಪಿಕೊಳ್ಳಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ.

ಬರೆದಿದ್ದ ಸೈನ್ಯವನ್ನೆಲ್ಲ ಹರಿದು ಎಸೆದು, ಅವಳು ಹೇಳಿದ ಹಾಗೇ ಬರೆದೆ. ಮೊಟ್ಟೆ ಕದ್ದದ್ದು, ಸಿಂಹಾಸನದಿಂದ ಇಳಿದದ್ದು, ಕೆಂಡಮೂಗ ಮಾತಾಡಿ ಮುಗಿಸುವವರೆಗೂ ರಾಣಿ ನಿಂತೇ ಕೇಳಿದ್ದು — ಎಲ್ಲ. ಉತ್ತರ ಮಾತ್ರ ಬರೆಯಲಿಲ್ಲ. ಅವಳ ನೋಟ್‌ಬುಕ್ಕನ್ನು ವಾರವಾರವೂ ತಿದ್ದುವ ಕೈ ನನ್ನದು. ಅಕ್ಷರ ನೋಡಿದರೆ ಗುರುತು ಹಿಡಿಯುತ್ತಿದ್ದಳು. ಹೆಂಡತಿಯ ಕೈಯಲ್ಲಿ ಎರಡು ಸಾಲು ಬರೆಸಬಹುದಿತ್ತು, ಅದು ಹೊಳೆಯಲಿಲ್ಲ ಎನ್ನೋಣವೆಂದರೆ — ಇಲ್ಲ, ಹೊಳೆದಿತ್ತು.

ಮೂರನೆಯ ಭಾಗ ಬಂದಾಗ ಅವಳು ಒಂಬತ್ತನೆಯ ತರಗತಿ. ಶಾಲೆಯ ಬೀರುವಿಗೆ ಬಂದ ಪ್ರತಿಯನ್ನು ಓದಿ ಕುಣಿದಾಡಿಬಿಟ್ಟಳಂತೆ. ಇದು ನಾನು ಕಾಗದದಲ್ಲಿ ಬರೆದದ್ದು, ಮಿಣುಕುಹುಳ ನನ್ನ ಮಾತು ಕೇಳಿದ್ದಾರೆ ಎಂದು ಕಂಡಕಂಡವರಿಗೆಲ್ಲ ಹೇಳಿದಳು. ಯಾರು ನಂಬುತ್ತಾರೆ? ಶನಿವಾರ ಪೆಟ್ಟಿಗೆಯಲ್ಲಿ ಚೀಟಿ ಇತ್ತು: ‘ರಂಜಿತಾ ಸುಳ್ಳು ಹೇಳಿಕೊಂಡು ತಿರುಗುತ್ತಿದ್ದಾಳೆ.’ ನಾನು ಗಟ್ಟಿಯಾಗಿ ಓದಿದೆ. ಓದದೆ ಜೇಬಿಗೆ ಹಾಕಿಕೊಳ್ಳಬಹುದಿತ್ತು.

ಅವಳು ಎದ್ದು ನಿಂತಳು. ಹೆದರಿಕೆ ಇರಲಿಲ್ಲ. ‘ನಾನು ಕಾಗದ ಬರ್ದಿದ್ದೆ ಸಾರ್. ಬೇಕಾರೆ ಅವ್ರನ್ನೇ ಕೇಳಿ’ ಎಂದಳು.

ಅವರನ್ನೇ ಕೇಳಬೇಕಂತೆ. ಅವರು ಅವಳಿಂದ ಎರಡು ಮಾರು ದೂರದಲ್ಲಿ ಕುರ್ಚಿಯ ಮೇಲೆ ಕೂತಿದ್ದರು.

‘ಉತ್ತರ ಬಂದಿದೆಯಾ? ತೋರಿಸು’ ಎಂದೆ. ಬಂದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳು ತಲೆ ಅಲ್ಲಾಡಿಸಿದಳು. ‘ಹಾಗಾದರೆ ಇದು ಸುಳ್ಳು. ಎಲ್ಲರ ಎದುರು ತಪ್ಪಾಯಿತು ಎನ್ನು’ ಎಂದೆ. ಒಂದು ಗಳಿಗೆ ನನ್ನನ್ನೇ ನೋಡಿದಳು, ಆಮೇಲೆ ‘ತಪ್ಪಾಯ್ತು’ ಎಂದಳು. ಅಷ್ಟಕ್ಕೇ ಬಿಡಲಿಲ್ಲ. ‘ನಿಮ್ಮ ಮಗಳು ಸುಳ್ಳು ಹೇಳುತ್ತಾಳೆ, ಗಮನ ಕೊಡಿ’ ಎಂದು ಚೀಟಿ ಬರೆದು, ತಾಯಿಯ ಸಹಿ ಹಾಕಿಸಿಕೊಂಡು ಬಾ ಎಂದು ಕಳಿಸಿದೆ. ಸೋಮವಾರ ಸಹಿ ಬಂತು.

ಗುಟ್ಟು ರಟ್ಟಾದೀತೆಂಬ ಭಯಕ್ಕೆ ಹಾಗೆ ಮಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೆ. ಭಯ ಇತ್ತು, ನಿಜ. ಆದರೆ ಬರೀ ಭಯಕ್ಕಾದರೆ ‘ಹೋಗಲಿ, ಕೂತುಕೋ’ ಎಂದಿದ್ದರೆ ಸಾಕಾಗುತ್ತಿತ್ತು. ನನ್ನ ನ್ಯಾಯ ನ್ಯಾಯವಲ್ಲ ಎಂದು ಬರೆದ ಹುಡುಗಿ ಕೈಗೆ ಸಿಕ್ಕಿದ್ದಳು — ಆ ಸಿಟ್ಟೂ ಅದರಲ್ಲಿ ಇತ್ತು. ಐವತ್ತು ದಾಟಿದ ಮನುಷ್ಯನಿಗೆ ಹದಿನಾಲ್ಕರ ಹುಡುಗಿಯ ಮೇಲೆ ಸಿಟ್ಟು.

ಅಂದಿನಿಂದ ನಿದ್ದೆ ಬರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಚೆನ್ನಾಗಿಯೇ ನಿದ್ದೆ ಮಾಡಿದೆ. ನಾಲ್ಕನೆಯ, ಐದನೆಯ ಭಾಗ ಬರೆದೆ, ಮಕ್ಕಳ ಮದುವೆ ಮಾಡಿದೆ, ನಿವೃತ್ತನಾಗಿ ನೆಮ್ಮಾರಿಗೆ ಬಂದು ಸುಖವಾಗಿದ್ದೇನೆ. ಬಿಸಿ ಕಾಫಿ ಇದೆ, ಮೊಮ್ಮಗಳು ನನ್ನದೇ ಕಥೆಯನ್ನು ಯಾರದೋ ಎಂದುಕೊಂಡು ನನಗೇ ಓದಿ ಹೇಳುತ್ತಾಳೆ. ದರ್ಬಾರಿನ ಅಧ್ಯಾಯವೇ ಎಲ್ಲಕ್ಕಿಂತ ಚಂದ ಎಂದು ಬರೆಯದ ಓದುಗರಿಲ್ಲ. ಓದಿದಾಗಲೆಲ್ಲ ಹಿಗ್ಗುತ್ತಿದ್ದೆ. ನಾಚಿಕೆ ಆಗಬೇಕಾದದ್ದು ಇದಕ್ಕೇ.

ಕಳೆದ ಚಳಿಗಾಲದಲ್ಲಿ ಆ ತರಗತಿಯವರು ಸೇರಿ ಗುರುವಂದನೆ ಇಟ್ಟುಕೊಂಡಿದ್ದರು. ನನ್ನನ್ನೂ ಕರೆಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟರು. ಊಟದ ಹೊತ್ತಿಗೆ ‘ರಂಜಿತಾ ಬಂದಿಲ್ಲವಾ?’ ಎಂದು ಕೇಳಿದೆ.

‘ಯಾವ ರಂಜಿತಾ ಸಾರ್? ಓ, ಡ್ರ್ಯಾಗನ್ ರಂಜಿತಾನಾ’ ಎಂದ ಬಡಿಸುತ್ತಿದ್ದವನು. ‘ಕೊಪ್ಪದಲ್ಲಿ ದನದ ಡಾಕ್ಟ್ರು ಅವ್ಳು. ಗ್ರೂಪಿಗೆ ಎರಡು ಸಲ ಸೇರಿಸಿದ್ವಿ, ಎರಡು ಸಲವೂ ಬಿಟ್ಟು ಹೋದ್ಲು.’

ಪಂಕ್ತಿಯಲ್ಲಿ ಕೂತವರೆಲ್ಲ ನಕ್ಕರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದೊಂದು ಹಳೆಯ ಅಡ್ಡಹೆಸರು ಅಷ್ಟೇ. ನಾನೂ ನಕ್ಕೆ. ನಗುತ್ತಿದ್ದ ಹಾಗೇ ಹೆಗಲ ಮೇಲಿನ ಶಾಲು ಮೈ ಪರಚತೊಡಗಿತು.

ಮರುವಾರ ಕೊಪ್ಪದ ಬಸ್ಸು ಹತ್ತಿದೆ. ಆಸ್ಪತ್ರೆಯ ಅಂಗಳದಲ್ಲಿ ಒಂದು ಎಮ್ಮೆಗೆ ಚುಚ್ಚುಮದ್ದು ಕೊಟ್ಟು ಕೈ ತೊಳೆಯುತ್ತಿದ್ದಳು. ನೋಡಿದ ಕೂಡಲೇ ಗುರುತು ಹಿಡಿದಳು. ‘ಎಂತ ಸಾರ್, ದನಕ್ಕೆ ಹುಷಾರಿಲ್ವಾ?’ ಎಂದಳು. ದನ ಸರಿಯಾಗಿದೆ ಎಂದು ಹೇಳಿ, ಅಲ್ಲೇ ಬೆಂಚಿನ ಮೇಲೆ ಕೂತು, ನಿಲ್ಲಿಸದೆ ಎಲ್ಲ ಹೇಳಿದೆ. ಇಷ್ಟು ವರ್ಷ ಕಾಪಿಟ್ಟಿದ್ದ ಆ ಕಾಗದವನ್ನು ಕೈಗೆ ಕೊಟ್ಟೆ.

ಪೂರ್ತಿ ಓದಿದಳು. ‘ಆಗ ಎಷ್ಟು ಬುದ್ಧಿ ಇತ್ತು ನೋಡಿ ನಂಗೆ’ ಎಂದು ನಕ್ಕಳು. ಕಾಗದವನ್ನು ಮಡಿಕೆಯ ಗುರುತಿನಲ್ಲೇ ಮಡಿಸಿದಳು.

‘ನಂಗೆ ಹೇಳಿ ಎಂತ ಆಗ್ಬೇಕು ಸಾರ್? ನಾನು ಸುಳ್ಳು ಹೇಳಿಲ್ಲ ಅಂತ ನಂಗೆ ಮೊದ್ಲೇ ಗೊತ್ತಿತ್ತಲ್ಲ. ಗೊತ್ತಿಲ್ದೆ ಇರೋದು ಅಮ್ಮಂಗೆ. ನಮ್ಮನೇಲಿ ಸುಳ್ಳಿಗೆ ಡ್ರ್ಯಾಗನ್ ಅಂತ್ಲೇ ಹೆಸ್ರು. ಪೇಟೆಗೆ ಹೋಗಿದ್ದೆ ಅಂದ್ರೂ, ಡ್ರ್ಯಾಗನ್ ಬಿಡ್ಬೇಡ ಅಂತಾಳೆ ಅಮ್ಮ. ಈಗ ನನ್ನ ಮಗ್ಳೂ ಕಲ್ತಿದಾಳೆ.’

ದೂರುವ ದನಿ ಅದರಲ್ಲಿರಲಿಲ್ಲ. ಹವಾಮಾನದ ಮಾತಾಡುವ ಹಾಗೆ ಹೇಳಿದಳು. ಪುಸ್ತಕದಲ್ಲಿ ನಿನ್ನ ಹೆಸರು ಹಾಕಲೇ ಎಂದು ಕೇಳಿದೆ. ‘ಹಾಕಿ. ಆದ್ರೆ ಮೊದ್ಲು ಮುತ್ತಿನಕೊಪ್ಪಕ್ಕೆ ಹೋಗ್ಬನ್ನಿ’ ಎಂದಳು.

ಹೋದೆ. ಅವಳ ತಾಯಿ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದರು. ಸಂಸ್ಕೃತ ಮೇಷ್ಟ್ರು ಎಂದು ತಿಳಿದದ್ದೇ ಗಡಿಬಿಡಿಯಿಂದ ಎದ್ದು ಸೆರಗಿನಲ್ಲಿ ಕುರ್ಚಿ ಒರೆಸಿದರು. ಅವರು ಪುಸ್ತಕ ಓದಿದವರಲ್ಲ. ಹಾಗಾಗಿ ಇಂಚರ, ಕಣಜ, ಬೆಂಕಿ ಎಂದು ಮೊದಲಿನಿಂದ ಕಥೆಯನ್ನೇ ಹೇಳಬೇಕಾಯಿತು. ಮೊರ ಪಕ್ಕಕ್ಕಿಟ್ಟು ಕೇಳಿದರು.

‘ಮೊಟ್ಟೆ ಸಿಕ್ತಾ ಅದಕ್ಕೆ?’ ಎಂದರು.

‘ಸಿಕ್ಕಿತು.’

‘ಅದು ನಮ್ಮ ರಂಜಿ ಹೇಳಿದ್ದಾ?’

‘ಅವಳೇ ಹೇಳಿದ್ದು. ಅವಳು ಹೇಳಿದ್ದೆಲ್ಲ ನಿಜ. ಸುಳ್ಳು ಹೇಳಿದವನು ನಾನು’ ಎಂದೆ.

ಅವರು ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ರೇಗಲಿಲ್ಲ. ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡು, ಕೇರದೆ, ಹುರುಳಿಯಲ್ಲಿ ಕೈಯಾಡಿಸುತ್ತಾ ಹೇಳಿದರು: ‘ನೀವು ಚೀಟಿ ಕಳ್ಸಿದ ದಿನ ನಾನು ಅವ್ಳಿಗೆ ಹೊಡ್ದೆ ಸಾರ್. ನಿಜ ಹೇಳು, ನಿಜ ಹೇಳು ಅಂತ ಹೊಡ್ದೆ. ನಿಜಾನೇ ಅಮ್ಮ, ನಿಜಾನೇ ಅಮ್ಮ ಅಂತಿದ್ಲು. ಕೊನಿಗೆ, ಸುಳ್ಳು ಹೇಳ್ದೆ ಅಮ್ಮ, ಬಿಡು ಅಂದ್ಲು. ಆಗ ಬಿಟ್ಟೆ.’

ಈ ವಿಷಯ ರಂಜಿತಾ ನನಗೆ ಹೇಳಿರಲಿಲ್ಲ. ಆ ಹುಡುಗಿ ಹೇಳಿದ ಸುಳ್ಳು ಅದೊಂದೇ. ಅದನ್ನು ಅವಳ ಬಾಯಿಂದ ಹೊರಡಿಸಿದ್ದು ನನ್ನ ಚೀಟಿ. ಹಾಗೆಂದು ಆ ತಾಯಿಗೆ ಹೇಳಿದೆ. ಕ್ಷಮಿಸಿ ಎಂದು ಕೇಳಲಿಲ್ಲ. ದರ್ಬಾರಿನ ಅಧ್ಯಾಯದ ಮೇಲೆ ಈಗ ರಂಜಿತಾಳ ಹೆಸರಿದೆ. ಅಂದು ಆ ತರಗತಿಯಲ್ಲಿ ಕೂತಿದ್ದವರೆಲ್ಲರ ಮನೆಗೂ ಈ ಪುಸ್ತಕವನ್ನು ನಾನೇ ತೆಗೆದುಕೊಂಡು ಹೋಗಿ ಕೊಡುತ್ತೇನೆ, ನಿಂತು ಈ ಪುಟಗಳನ್ನು ಓದಿಸುತ್ತೇನೆ.

ಅಂದು ಮುತ್ತಿನಕೊಪ್ಪದಲ್ಲಿ ನಾನು ಏಳುವ ಮೊದಲೇ ತಾಯಿ ಫೋನು ತೆಗೆದು ಮಗಳಿಗೆ ಕರೆ ಮಾಡಿದರು. ಆಮೇಲೆ ಮೆಲ್ಲಗೆ, ‘ರಂಜಿ, ನೀನು ಅವತ್ತು ಮೊದ್ಲು ಹೇಳಿದ್ದನ್ನೇ ಇನ್ನೊಂದು ಸಲ ಹೇಳೇ, ಕೇಳ್ತೀನಿ’ ಎಂದರು.